ಮುಂಗೈ ಮೇಲಿನ ಆಸ್ತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಮತದಾರನಿಗೆ ಅಭ್ಯರ್ಥಿಯ ಆಸ್ತಿಯನ್ನು ಅಂದಾಜು ಮಾಡುವುದು ಅಷ್ಟೇನೂ ಕಷ್ಟವಲ್ಲ. ಅಡಿಕೆ ತೋಟ ಎಷ್ಟು ಎಕರೆ, ಭದ್ರಾ ನಾಲೆಯ ನೀರು ಹಾಯುವ ಗದ್ದೆ ಎಷ್ಟು, ದಾವಣಗೆರೆಯಲ್ಲಿ ನಿವೇಶನಗಳೆಷ್ಟು ಎಂಬುದು ಊರಿಗೇ ಗೊತ್ತಿರುತ್ತದೆ. ಮಳೆಯನ್ನೇ ನೆಚ್ಚಿಕೊಂಡ ಜಗಳೂರಿನಲ್ಲಂತೂ ಯಾರ ಕೊಳವೆಬಾವಿಯಲ್ಲಿ ನೀರು ಬಿದ್ದಿತೆಂಬುದೂ ಗುಟ್ಟಾಗಿ ಉಳಿಯುವುದಿಲ್ಲ. ಆದರೆ ಅದೇ ಅಭ್ಯರ್ಥಿಯ ಮುಂಗೈ ಮೇಲಿರುವುದು ಸಾಮಾನ್ಯ ಗಡಿಯಾರವೋ ಅಥವಾ ಒಂದು ತೋಟದಷ್ಟು ಬೆಲೆಯದೋ ಎಂಬುದನ್ನು ಹೇಳಬಲ್ಲವರು ವಿರಳ.

ದುಬಾರಿ ಕ್ರೋನೋಗ್ರಾಫ್ ಕೈಗಡಿಯಾರಗಳ ಸಂಗ್ರಹ ಇಂದು ಜಗತ್ತಿನ ಸಿರಿವಂತರ ಹವ್ಯಾಸವಷ್ಟೇ ಅಲ್ಲ, ಹೂಡಿಕೆಯೂ ಹೌದು. ಕ್ರೋನೋಗ್ರಾಫ್ ಎಂದರೆ ವೇಳೆ ತೋರಿಸುವುದರ ಜೊತೆಗೆ ಕ್ಷಣಗಳನ್ನು ಎಣಿಸುವ ಸ್ಟಾಪ್‌ವಾಚನ್ನೂ ಒಳಗೊಂಡ ಗಡಿಯಾರ. ಅದರ ಬೆಲೆ ಲೋಹವನ್ನು ಅವಲಂಬಿಸಿಲ್ಲ. 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಹಾಲಿವುಡ್ ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ 1.77 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಅದು ಚಿನ್ನದ್ದಲ್ಲ, ಬರಿಯ ಉಕ್ಕಿನದು. ಬೆಲೆ ಬಂದದ್ದು ವಿರಳತೆಗೆ, ಧರಿಸಿದವನ ಹೆಸರಿಗೆ. ಕಣ್ಣೆದುರೇ ಇದ್ದೂ ಮೌಲ್ಯವನ್ನು ಬಚ್ಚಿಡಬಲ್ಲ ಆಸ್ತಿ ಇದಕ್ಕಿಂತ ಬೇರೊಂದಿಲ್ಲ.

ಕರ್ನಾಟಕಕ್ಕೆ ಈ ಸಂಗತಿ ಅರಿವಾದದ್ದು 2016ರಲ್ಲಿ. ಆ ವರ್ಷದ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ಮಧ್ಯಮ ವರ್ಗದ ಮದುವೆ-ಮುಂಜಿಗಳ ಉಡುಗೊರೆಯಾಗಿದ್ದ ಗಡಿಯಾರದ ಕಥೆ ಅಲ್ಲಿಗೆ ಮುಗಿಯಿತು. ಮರು ತಿಂಗಳೇ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ವಾಚಿನ ಬೆಲೆ ಸುಮಾರು 70 ಲಕ್ಷ ರೂಪಾಯಿ ಎಂದು ಎಚ್.ಡಿ. ಕುಮಾರಸ್ವಾಮಿ ಆರೋಪಿಸಿದರು. ಅದು ವಿದೇಶದಲ್ಲಿರುವ ಸ್ನೇಹಿತರ ಉಡುಗೊರೆ ಎಂದ ಸಿದ್ದರಾಮಯ್ಯ, ಮಾರ್ಚ್‌ನಲ್ಲಿ ಅದನ್ನು ಸ್ಪೀಕರ್ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿದರು. ಗಡಿಯಾರ ರಾಜ್ಯದ ಸ್ವತ್ತಾಯಿತು. ಭ್ರಷ್ಟಾಚಾರ ನಿಗ್ರಹ ದಳ ಬಳಿಕ ಅವರನ್ನು ಆರೋಪಮುಕ್ತಗೊಳಿಸಿತು. 2025ರ ಡಿಸೆಂಬರ್‌ನಲ್ಲಿ ಇಂಥದ್ದೇ ವಿವಾದ ಮತ್ತೆ ತಲೆಯೆತ್ತಿತು. ಈ ಬಾರಿ ಕಾರ್ಟಿಯೆ ವಾಚು. ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್, ತಮ್ಮ ಸ್ವಂತ ಹಣದಿಂದ ಅದನ್ನು ಕೊಂಡಿದ್ದಾಗಿ ಉತ್ತರಿಸಿದರು.

ಸ್ವಂತ ದುಡಿಮೆಯಿಂದ ಕೊಂಡ ಗಡಿಯಾರದ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಪ್ರಶ್ನೆ ವ್ಯಕ್ತಿಗಳದ್ದಲ್ಲ, ವ್ಯವಸ್ಥೆಯದು. ಎರಡೂ ಸಂದರ್ಭಗಳಲ್ಲಿ ವಿಷಯ ಚರ್ಚೆಗೆ ಬಂದದ್ದು ರಾಜಕೀಯ ಎದುರಾಳಿಗಳ ಕಣ್ಣಿಗೆ ಬಿದ್ದುದರಿಂದಲೇ ಹೊರತು ಯಾವುದೇ ಸರ್ಕಾರಿ ದಾಖಲೆಯ ಮೂಲಕವಲ್ಲ.

ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಅರುಣಾಚಲ ಪ್ರದೇಶದ ಶಾಸಕ ಕಾರಿಖೋ ಕ್ರಿ ಅವರ ಪ್ರಕರಣದಲ್ಲಿ ಈ ವಿಷಯವನ್ನು ನೇರವಾಗಿಯೇ ಪ್ರಸ್ತಾಪಿಸಿತು. ಬಟ್ಟೆ, ಚಪ್ಪಲಿ, ಪಾತ್ರೆಗಳಂಥ ಪ್ರತಿಯೊಂದು ಚರಾಸ್ತಿಯನ್ನೂ ಅಭ್ಯರ್ಥಿ ಘೋಷಿಸಬೇಕಿಲ್ಲ. ಆದರೆ ಕುಟುಂಬದಲ್ಲಿ ಹಲವು ದುಬಾರಿ ಗಡಿಯಾರಗಳಿದ್ದು ಒಟ್ಟು ಮೌಲ್ಯ ದೊಡ್ಡದಾಗಿದ್ದರೆ ಅವುಗಳನ್ನು ಘೋಷಿಸಲೇಬೇಕು. ಸರಳ ಗಡಿಯಾರವನ್ನು ಬಿಟ್ಟಿದ್ದರೆ ಅದು ದೋಷವಾಗಲಿಕ್ಕಿಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯ. ತತ್ವ ಸರಿಯಾಗಿದೆ. ಆದರೆ ದುಬಾರಿ ಎಂದರೆ ಎಷ್ಟು? ಅದನ್ನು ನಿರ್ಧರಿಸುವವರು ಯಾರು?

ಚುನಾವಣಾ ಪ್ರಮಾಣಪತ್ರದ ನಮೂನೆ 26 ಆಭರಣ, ಚಿನ್ನ-ಬೆಳ್ಳಿ ಗಟ್ಟಿ ಹಾಗೂ ಬೆಲೆಬಾಳುವ ವಸ್ತುಗಳನ್ನು ಒಂದೇ ಸಾಲಿಗೆ ಸೇರಿಸಿ, ತೂಕ ಮತ್ತು ಮೌಲ್ಯವನ್ನು ಕೇಳುತ್ತದೆ. ಬಂಗಾರದ ತೂಕ ತಿಳಿದರೆ ಅಕ್ಕಸಾಲಿಗನ ಬಳಿ ಹೋಗಿ ಬೆಲೆ ಕೇಳಬಹುದು. ಉಕ್ಕಿನ ಕ್ರೋನೋಗ್ರಾಫನ್ನು ತಕ್ಕಡಿಗೆ ಹಾಕಿ ಪ್ರಯೋಜನವೇನು? ಸಚಿವರ ನಡಾವಳಿ ಸಂಹಿತೆ ನಿಕಟ ಬಂಧುಗಳ ಹೊರತು ಬೇರೆಯವರಿಂದ ಬೆಲೆಬಾಳುವ ಉಡುಗೊರೆ ಪಡೆಯಬಾರದೆನ್ನುತ್ತದೆ. ಆದರೆ ಅದು ಕಾನೂನಲ್ಲ, ಕೇವಲ ಸಂಹಿತೆ.

ಪರಿಹಾರ ಕ್ಲಿಷ್ಟವಾದದ್ದೇನಲ್ಲ. ನಿಗದಿತ ಮೊತ್ತಕ್ಕಿಂತ ಹೆಚ್ಚು ಬೆಲೆಯ ಪ್ರತಿ ಗಡಿಯಾರದ ತಯಾರಕರು, ಮಾದರಿ, ಕೊಂಡ ವರ್ಷ, ಕೊಟ್ಟ ಬೆಲೆ, ಉಡುಗೊರೆಯಾದರೆ ಕೊಟ್ಟವರ ಹೆಸರು, ಇಷ್ಟಕ್ಕೆ ನಮೂನೆಯಲ್ಲಿ ಪ್ರತ್ಯೇಕ ಕಲಂ ಇರಲಿ. ಸಚಿವರು ಸ್ವೀಕರಿಸುವ ಉಡುಗೊರೆಗಳ ವಹಿಯನ್ನು ರಾಜ್ಯ ಸರ್ಕಾರ ಸಾರ್ವಜನಿಕರ ಮುಂದಿಡಲಿ. ನಿಜವಾದ ಸಂಗ್ರಾಹಕನಿಗೆ ಇದು ಹೊರೆಯೂ ಅಲ್ಲ. ಕ್ರಮಸಂಖ್ಯೆ, ರಸೀದಿ, ಪೆಟ್ಟಿಗೆಗಳನ್ನು ಜೋಪಾನ ಮಾಡುವುದು ಆ ಹವ್ಯಾಸದ ಭಾಗವೇ ಆಗಿದೆ.

ಹತ್ತು ವರ್ಷಗಳ ಹಿಂದಿನ ವಿವಾದದಿಂದ ರಾಜಕೀಯ ಪಕ್ಷಗಳು ಕಲಿತದ್ದು ಪರಸ್ಪರರ ಕೈ ದಿಟ್ಟಿಸುವುದನ್ನು ಮಾತ್ರ. ಆದರೆ ಅಭ್ಯರ್ಥಿಯ ಆಸ್ತಿ ವಿವರ ತಿಳಿಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಎತ್ತಿಹಿಡಿದದ್ದು ಎದುರು ಪಕ್ಷಕ್ಕಾಗಿ ಅಲ್ಲ, ಮತದಾರನಿಗಾಗಿ. ಹೊನ್ನಾಳಿಯ ಮತದಾರ ತೋಟವನ್ನು ಓದಬಲ್ಲಷ್ಟೇ ಸುಲಭವಾಗಿ ಗಡಿಯಾರವನ್ನೂ ಓದುವಂತಾದಾಗ ಮಾತ್ರ ಆ ಹಕ್ಕು ಪೂರ್ಣವಾದೀತು.