ಕಲೆ ತೊಳೆಯುವ ಮುನ್ನ

ಮಳೆಗಾಲ ಮುಗಿದು ಬಿಸಿಲು ಬಿದ್ದೊಡನೆ ಹಳ್ಳಿ ಪಟ್ಟಣಗಳೆನ್ನದೆ ಗೋಡೆ, ಅಂಗಳ, ಜಗಲಿಗಳನ್ನು ತೊಳೆಯುವ ಕೆಲಸ ಮೊದಲಾಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಬೇಲೂರು ಸೀಮೆಯಲ್ಲಿ ಸೂರಿನ ನೀರು ನೆಲಕ್ಕೆ ಬಡಿದು ಸಿಡಿಸಿದ ಕೆಮ್ಮಣ್ಣು ಗೋಡೆಯ ಬುಡಕ್ಕೆ ಮೊಳದೆತ್ತರದ ಅಂಚು ಬಳಿದಿರುತ್ತದೆ. ಬಯಲುಸೀಮೆಗೆ ಸೇರಿದ ಅರಸೀಕೆರೆಯ ಕಡೆ ಮಳೆ ಕಡಿಮೆ. ಆದರೆ ಕೊಳವೆಬಾವಿಯ ಕಬ್ಬಿಣದ ಪೈಪು, ತಗಡಿನ ಮಾಡು, ಕಿಟಕಿಯ ಸರಳುಗಳಿಂದ ಇಳಿದ ತುಕ್ಕು ಕಾಂಕ್ರೀಟಿನ ಮೇಲೆ ಕಂದು ಗೆರೆಗಳನ್ನು ಎಳೆದಿರುತ್ತದೆ. ಎರಡಕ್ಕೂ ಈಗ ಬಳಕೆಯಲ್ಲಿರುವ ಮದ್ದು ಒಂದೇ: ಅಂಗಡಿಯಿಂದ ತಂದ ಆ್ಯಸಿಡ್ ಬಾಟಲಿ. ಸುರಿದೊಡನೆ ಬುರುಗು ಬರುತ್ತದೆ, ಕಲೆ ಮಾಯವಾಗುತ್ತದೆ. ಈ ಸುಲಭದ ಹಿಂದೆ ಅಡಗಿರುವ ನಷ್ಟವನ್ನು ಲೆಕ್ಕ ಹಾಕುವವರು ವಿರಳ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ನೀಗಬೇಕಾಗಿದೆ. ಜೇಡಿಮಣ್ಣು ಆ್ಯಸಿಡ್ಡಿನಲ್ಲಿ ಸುಲಭವಾಗಿ ಕರಗುವ ವಸ್ತುವಲ್ಲ. ಕರಗುವುದು ಅದರ ಅಡಿಯಲ್ಲಿರುವ ಸಿಮೆಂಟು ಮತ್ತು ಸುಣ್ಣ. ಮಣ್ಣಿನ ಕಣ ಅಂಟಿಕೊಂಡಿದ್ದ ತೆಳುಪದರವನ್ನೇ ಆ್ಯಸಿಡ್ ತಿಂದುಹಾಕುವುದರಿಂದ ಗೋಡೆ ಶುಭ್ರವಾದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ತೊಳೆದ ಗೋಡೆಯಲ್ಲ, ಚರ್ಮ ಸುಲಿದ ಗೋಡೆ. ಕೋಳಿಮೊಟ್ಟೆಯ ಚಿಪ್ಪನ್ನು ನಿಂಬೆರಸದಲ್ಲಿ ಇಟ್ಟು ಏಳುವ ಗುಳ್ಳೆಗಳನ್ನು ಗಮನಿಸಿದರೆ ಶಾಲೆಯ ಮಕ್ಕಳಿಗೂ ಈ ಕ್ರಿಯೆ ಅರ್ಥವಾದೀತು. ಹೀಗೆ ಒರಟಾದ ಮೈಯಲ್ಲಿ ರಂಧ್ರಗಳು ತೆರೆದುಕೊಂಡು, ಮುಂದಿನ ಮಳೆಯ ಮಣ್ಣು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಮರುವರ್ಷ ಮತ್ತೆ ಆ್ಯಸಿಡ್ ಬೇಕಾಗುತ್ತದೆ.

ತುಕ್ಕಿನ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. ಮಾರುಕಟ್ಟೆಯ ಆ್ಯಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದರ ಕ್ಲೋರೈಡ್ ಅಂಶ ಕಾಂಕ್ರೀಟಿನೊಳಗೆ ಇಳಿದು ಸರಳುಗಳನ್ನು ಮುಟ್ಟಿದರೆ ತುಕ್ಕು ಶೀಘ್ರವಾಗುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿನ ಗಾತ್ರಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಬಿರಿದು ಉದುರುತ್ತದೆ. ಆದುದರಿಂದ ತಾರಸಿಯ ಅಡಿಯಲ್ಲೋ ತೊಲೆಯ ಅಂಚಿನಲ್ಲೋ ಬಿರುಕಿನಿಂದ ಒಸರುವ ಕಂದು ಕಲೆಯನ್ನು ಕೇವಲ ಕೊಳೆ ಎಂದು ಬಗೆಯಲಾಗದು. ಅದು ಒಳಗಿನ ರೋಗದ ಲಕ್ಷಣ. ಅದನ್ನು ತೊಳೆದುಹಾಕುವುದೆಂದರೆ ಎಚ್ಚರಿಸಲು ಬಂದವನ ಬಾಯಿ ಮುಚ್ಚಿಸಿದಂತೆ. ಅಲ್ಲಿ ಬೇಕಾದುದು ನೀರಿನ ಸೋರಿಕೆಯ ತಡೆ ಮತ್ತು ಸರಳಿನ ದುರಸ್ತಿ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮೂರನೆಯ ಪ್ರಶ್ನೆ. ಪರಿಸರದ ದೃಷ್ಟಿಯಿಂದ ಇದೇ ಮೊದಲನೆಯದು. ಈ ಮೂರು ಊರುಗಳ ಬದುಕು ಕೆರೆಗಳ ಸುತ್ತ ಹೆಣೆದುಕೊಂಡಿದೆ. ಅರಸೀಕೆರೆಯ ಹೆಸರಿನಲ್ಲಿಯೇ ಅರಸಿಯ ಕೆರೆಯಿದೆ. ಹೊಯ್ಸಳರ ರಾಜಧಾನಿಗೆ ದೋರಸಮುದ್ರವೆಂಬ ಹೆಸರು ತಂದುಕೊಟ್ಟದ್ದು ಹಳೇಬೀಡಿನ ಕೆರೆ. ಬೇಲೂರಿನ ಬಳಿ ಯಗಚಿ ಹರಿದು ಮುಂದೆ ಹೇಮಾವತಿಯನ್ನು ಸೇರುತ್ತದೆ. ಒಂದು ಮನೆಯ ಒಂದು ಬಾಟಲಿಯಿಂದ ನದಿ ಕೆಡದು ಎಂಬ ವಾದ ನಿಜ. ಆದರೆ ಅಂಗಳದ ಬಾವಿ, ಗದ್ದೆಯ ಕಾಲುವೆ, ಚರಂಡಿಯ ಕಪ್ಪೆ ಮೀನುಗಳಿಗೆ ನದಿಯ ವಿಸ್ತಾರವಿಲ್ಲ. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಊರೇ ಒಂದೇ ವಾರದಲ್ಲಿ ತೊಳೆಯತೊಡಗಿದರೆ ಒಂದು ಬಾಟಲಿಯ ಲೆಕ್ಕ ಉಳಿಯುವುದಿಲ್ಲ.

ಬೇಲೂರು, ಹಳೇಬೀಡುಗಳಿಗೆ ಮತ್ತೊಂದು ಹೊಣೆಯಿದೆ. 2023ರಲ್ಲಿ ಇಲ್ಲಿಯ ದೇಗುಲಗಳು ಸೋಮನಾಥಪುರದೊಡನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಹೊಯ್ಸಳ ಶಿಲ್ಪದ ಬಳಪದ ಕಲ್ಲು ಮೆದು. ಬೇಲೂರಿನಲ್ಲಿ 1397ರಲ್ಲಿ ಪುನರ್ನಿರ್ಮಾಣಗೊಂಡ ಮಹಾದ್ವಾರದ ಗೋಪುರದ ಮೇಲುಭಾಗ ಇಟ್ಟಿಗೆ ಗಾರೆಗಳದು. ಇವುಗಳ ಮೇಲಿನ ಕಲೆ ಪುರಾತತ್ವ ಇಲಾಖೆಯ ತಜ್ಞರ ಕೆಲಸ; ಭಕ್ತಿಯಿಂದಾದರೂ ಬೇರಾರೂ ಕೈಯಿಡಬಾರದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು 2010ರ ತಿದ್ದುಪಡಿ ನಿಷೇಧಿಸಿದೆ. ಕಾಯಿದೆ ಕಟ್ಟಡದ ದೂರವನ್ನು ಅಳೆಯುತ್ತದೆ. ಅಕ್ಕಪಕ್ಕದ ಅಂಗಳದಿಂದ ಹರಿಯುವ ನೀರನ್ನು ಅಳೆಯಬೇಕಾದವರು ಊರಿನವರೇ.

ಹಾಗಾದರೆ ಕಲೆ ಹಾಗೆಯೇ ಇರಲೆ? ಅಗತ್ಯವಿಲ್ಲ. ಮಣ್ಣಿನ ಕಲೆಯನ್ನು ಹಸಿಯಿರುವಾಗ ಉಜ್ಜಿದರೆ ಅದು ಒಳಗಿಳಿಯುತ್ತದೆ. ಪೂರ್ಣ ಒಣಗಲು ಬಿಟ್ಟು, ಮರದ ಚಕ್ಕೆಯಿಂದ ಕೆರೆದು, ತೆಂಗಿನ ನಾರಿನಿಂದ ಗುಡಿಸಬೇಕು. ಬಳಿಕ ಗೋಡೆಗೆ ಬರಿಯ ನೀರು ಕುಡಿಸಿ, ಅಂಟುವಾಳದ ನೀರಿನಿಂದ ಉಜ್ಜಿದರೆ ಬಹುಪಾಲು ಹೋಗುತ್ತದೆ. ತುಕ್ಕಿನ ಕಲೆಗೆ ನಿಂಬೆರಸವನ್ನು ಬಿಳಿ ಜೇಡಿಯ ಪುಡಿಯೊಡನೆ ಕಲಸಿ ಲೇಪ ಹಾಕಿ, ಕೆಲವು ತಾಸಿನ ನಂತರ ತೆಗೆದು, ಧಾರಾಳ ನೀರಿನಿಂದ ತೊಳೆಯಬೇಕು. ನಿಂಬೆಯೂ ಹುಳಿಯೇ ಆದುದರಿಂದ ಮೊದಲು ಮೂಲೆಯಲ್ಲಿ ಪರೀಕ್ಷಿಸುವುದು ಲೇಸು. ತಂತಿಯ ಬ್ರಷ್ ಬೇಡ. ಅದರ ಚೂರುಗಳು ಸಿಕ್ಕಿಕೊಂಡು ಹೊಸ ತುಕ್ಕು ಹುಟ್ಟುತ್ತದೆ. ಬ್ಲೀಚಿಂಗ್ ಪುಡಿ ತುಕ್ಕನ್ನು ತೆಗೆಯದು. ಆ್ಯಸಿಡ್ಡಿನೊಡನೆ ಬೆರೆತರೆ ವಿಷಾನಿಲ ಹೊಮ್ಮುತ್ತದೆ.

ಆದರೂ ತೊಳೆಯುವುದು ಎರಡನೆಯ ಮಾತು. ಸೂರನ್ನು ಒಂದು ಮೊಳ ಹೊರಚಾಚಿಸಿದರೆ, ಸೂರಿನ ನೀರು ಬೀಳುವಲ್ಲಿ ಜಲ್ಲಿ ಹರಡಿದರೆ, ಬರಿದಾದ ನೆಲದಲ್ಲಿ ಗರಿಕೆ ಬೆಳೆಸಿದರೆ ಕೆಮ್ಮಣ್ಣು ಗೋಡೆಗೆ ಏರುವುದೇ ಇಲ್ಲ. ಕಬ್ಬಿಣಕ್ಕೆ ಕಾಲಕಾಲಕ್ಕೆ ಬಣ್ಣ ಬಳಿದರೆ ತುಕ್ಕು ಇಳಿಯುವುದಿಲ್ಲ. ಹಿರಿಯರು ಇಳಿಮಾಡಿನ ಮನೆ ಕಟ್ಟಿದ್ದು ಅಂದಕ್ಕಾಗಿ ಮಾತ್ರವಲ್ಲ. ಸೂರಿಲ್ಲದ ಪೆಟ್ಟಿಗೆಯಂಥ ತಾರಸಿ ಮನೆಯನ್ನು ಮಳೆಯ ನಾಡಿಗೆ ತಂದ ಮೇಲೆ ಕಲೆಗಾಗಿ ಮಣ್ಣನ್ನು ದೂರುವುದು ನ್ಯಾಯವಲ್ಲ.

ಗ್ರಾಮ ಪಂಚಾಯಿತಿಗಳು ತಮ್ಮ ಶಾಲೆ, ಅಂಗನವಾಡಿ, ಸಮುದಾಯ ಭವನಗಳಲ್ಲಿ ಆ್ಯಸಿಡ್ ತೊಳೆತವನ್ನು ನಿಲ್ಲಿಸಿ ಮಾದರಿ ತೋರಬೇಕು. ಹೊಸ ಕಟ್ಟಡದ ನಕ್ಷೆಯಲ್ಲಿ ಸೂರನ್ನು ಕಡ್ಡಾಯ ಮಾಡಬೇಕು. ಆ್ಯಸಿಡ್ಡಿನ ಬಿಡಿ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲಿಯೇ ಕಟ್ಟುಪಾಡು ವಿಧಿಸಿದೆ. ಅದು ಹಳ್ಳಿಯ ಅಂಗಡಿಯಲ್ಲಿಯೂ ಜಾರಿಯಾಗಬೇಕು. ಗೋಡೆಗೆ ಸಿಡಿದ ಕೆಮ್ಮಣ್ಣು ಮಲೆನಾಡಿನ ತೋಟವನ್ನು ಪೊರೆಯುವ ಮಣ್ಣೇ. ಅದು ನೆಲದಲ್ಲಿ ನಿಲ್ಲುವಂತೆ ನೋಡಿಕೊಂಡರೆ ಗೋಡೆಯೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ.