ಗೋಡೆ ಕೊರೆಯುವ ಬೈರಿಗೆ: ಕೊಳ್ಳುವ ಮುನ್ನ ಎರಡು ಮಾತು

ಕಳೆದ ಬೇಸಿಗೆಯಲ್ಲಿ ದೊಡ್ಡಮಳೂರಿನ ನಮ್ಮ ತೋಟದ ಪಂಪ್‌ಹೌಸಿನಲ್ಲಿ ಮೋಟಾರಿನ ಸ್ಟಾರ್ಟರ್ ಹಲಗೆ ಗೋಡೆಯಿಂದ ಕಳಚಿ ಬರಿಯ ತಂತಿಗಳ ಮೇಲೆ ಜೋತಾಡುತ್ತಿತ್ತು. ಹಿಂದೆ ಅದನ್ನು ಕೂರಿಸಿದವರು ಕಲ್ಲಿನ ಸಂದಿಯ ಗಾರೆಯನ್ನು ಕೆತ್ತಿ, ಮರದ ಬೆಣೆ ಹೊಡೆದು, ಅದಕ್ಕೆ ಸ್ಕ್ರೂ ಬಿಗಿದಿದ್ದರು. ಮರದ ಬೆಣೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೀಗೆ ಹತ್ತಾರು ವರ್ಷ ಉಬ್ಬಿ ಕುಗ್ಗಿ ಕೊನೆಗೆ ಕೈಬಿಟ್ಟಿತು. ಬೆಳಗಿನ ಜಾವ ಕರೆಂಟು ಬಂದೊಡನೆ ಕತ್ತಲಲ್ಲೇ ಸ್ಟಾರ್ಟರ್ ಒತ್ತಲು ಹೋಗುವ ನಮ್ಮ ಆಳಿನ ಕೈಗೆ ಅದು ತಗಲುವ ಮೊದಲೇ ನಮ್ಮ ಕಣ್ಣಿಗೆ ಬಿದ್ದುದು ಪುಣ್ಯವೆನ್ನಬೇಕು.

ಇನ್ನು ಬೆಣೆಯ ಸಹವಾಸ ಬೇಡ, ಕಲ್ಲನ್ನೇ ಕೊರೆದು ಬೋಲ್ಟು ಕೂರಿಸೋಣವೆಂದು ಪೇಟೆಗೆ ಹೋಗಿ ಒಂದು ಡ್ರಿಲ್ ತಂದೆವು. ಬೊಂಬೆ ಮಾಡುವವರ ಊರು ಚನ್ನಪಟ್ಟಣ. ಅಲ್ಲಿನ ಅಂಗಡಿಯವರು ದಿನವೆಲ್ಲ ನೋಡುವುದು ಮರದ ಕೆಲಸ. "ಇದು ಮರ, ಕಬ್ಬಿಣ, ಗೋಡೆ ಎಲ್ಲಕ್ಕೂ ಆಗುತ್ತದೆ ಸ್ವಾಮಿ" ಎಂದರು. ಡಬ್ಬಿಯ ಮೇಲೂ ಹಾಗೆಯೇ ಅಚ್ಚಾಗಿತ್ತು. ಅರ್ಧ ದಿನ ಎದೆಯೊತ್ತಿ ನಿಂತು ಕೊರೆದದ್ದಕ್ಕೆ ಕಲ್ಲಿನಲ್ಲಿ ಆದ ಕುಳಿ ಬೆರಳಿನ ಒಂದು ಗೆಣ್ಣಿನಷ್ಟು. ಬಿಟ್ಟಿನ ತುದಿ ನೀಲಿಗಟ್ಟಿ, ಅದಕ್ಕೆ ಬೆಸೆದಿದ್ದ ಗಟ್ಟಿ ಲೋಹದ ಚೂರು ಉದುರಿಹೋಯಿತು. ಕೊನೆಗೆ ನೆರೆಯ ಕಲ್ಲುಕೆಲಸದವರೊಬ್ಬರು ಚಾಣ ಸುತ್ತಿಗೆ ಹಿಡಿದು ಬಂದು, ಬೀಡಿ ಆರುವಷ್ಟರಲ್ಲಿ ನಮ್ಮ ಕುಳಿಯನ್ನು ಎರಡರಷ್ಟು ಆಳ ಮಾಡಿ ತೋರಿಸಿದರು. ನಾಚಿಕೆಯಾಯಿತು, ಆದರೆ ಪಾಠವೂ ಅಲ್ಲಿಯೇ ಸಿಕ್ಕಿತು.

ಮರವನ್ನು ಬೈರಿಗೆ ಕತ್ತರಿಸುತ್ತದೆ. ಕಲ್ಲನ್ನು ಕತ್ತರಿಸಲಾಗದು, ಜಜ್ಜಿ ಪುಡಿಮಾಡಬೇಕು. ತಿರುಗುವುದು ಆ ಪುಡಿಯನ್ನು ಹೊರಗೆ ತಳ್ಳುವುದಕ್ಕೆ ಮತ್ತು ಮುಂದಿನ ಪೆಟ್ಟು ಹೊಸ ಜಾಗಕ್ಕೆ ಬೀಳುವುದಕ್ಕೆ ಮಾತ್ರ. ಚಾಣ ಹಿಡಿದವರು ಪ್ರತಿ ಪೆಟ್ಟಿಗೂ ಚಾಣವನ್ನು ಕೊಂಚ ತಿರುವುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದ್ದರಿಂದ ಗೋಡೆ ಕೊರೆಯುವ ಯಂತ್ರದಲ್ಲಿ ನೋಡಬೇಕಾದುದು ಅದು ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನಲ್ಲ, ಎಂಥ ಪೆಟ್ಟು ಕೊಡುತ್ತದೆ ಎಂಬುದನ್ನು.

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಇಟ್ಟಿರುವ ಎರಡು ಬಗೆಗಳ ನಡುವೆ ಇರುವ ಅಂತರ ಇದೇ. ಮೊದಲನೆಯದು ಇಂಪ್ಯಾಕ್ಟ್ ಡ್ರಿಲ್. ಅದರೊಳಗೆ ಹಲ್ಲಿನ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ನೆಗೆಯುತ್ತವೆ. ಪೆಟ್ಟುಗಳು ನಿಮಿಷಕ್ಕೆ 40,000ಕ್ಕೂ ಮೇಲೆ ಎಂದು ಬರೆದಿರುತ್ತಾರೆ. ಆದರೆ ಒಂದೊಂದು ಪೆಟ್ಟೂ ಇರುವೆ ಕಡಿದಂತೆ. ನಾವು ಒತ್ತಿದಷ್ಟೇ ಅದರ ಬಲ. ಎರಡನೆಯದು ರೋಟರಿ ಹ್ಯಾಮರ್; ಕೆಲಸಗಾರರು ಬರಿಯ 'ಹ್ಯಾಮರ್' ಎನ್ನುತ್ತಾರೆ. ಅದರಲ್ಲಿ ಪಿಸ್ಟನ್ ಒಂದು ಕೊಳವೆಯೊಳಗೆ ಗಾಳಿಯನ್ನು ಅದುಮಿ, ಆ ಗಾಳಿಯ ಬಲದಿಂದ ಉಕ್ಕಿನ ಗುಂಡೊಂದು ಬಿಟ್ಟಿನ ಬೆನ್ನಿಗೆ ಬಡಿಯುತ್ತದೆ. ಪೆಟ್ಟು ನಿಮಿಷಕ್ಕೆ ಸುಮಾರು 4,000 ಮಾತ್ರ, ಆದರೆ ಪೆಟ್ಟೆಂದರೆ ಪೆಟ್ಟು. ಎರಡೂವರೆ ಮೂರು ಕೆ.ಜಿ. ತೂಕದ, 800 ವಾಟಿನ ಯಂತ್ರವನ್ನು ನೆಟ್ಟಗೆ ಹಿಡಿದುಕೊಂಡರೆ ಸಾಕು, ಎದೆ ಕೊಟ್ಟು ಒತ್ತಬೇಕಾಗಿಲ್ಲ.

ಈ ಬಗೆ ಹೊಸತೇನೂ ಅಲ್ಲ. ನಮ್ಮ ಹಿರಿಯರು ಮೈಕೋ ಎಂದೇ ಕರೆಯುತ್ತಿದ್ದ ಆಡುಗೋಡಿಯ ಕಂಪನಿಯ ಜರ್ಮನಿಯ ಮೂಲಸಂಸ್ಥೆ ಬಾಷ್ 1932ರಲ್ಲೇ ವಿದ್ಯುತ್ ಸುತ್ತಿಗೆಯನ್ನು ಮಾರುಕಟ್ಟೆಗೆ ತಂದಿತ್ತು. ಬಿಟ್ಟನ್ನು ಕೀಲಿಯಿಂದ ಬಿಗಿಯದೆ ಒತ್ತಿ ಸಿಕ್ಕಿಸುವ ಎಸ್‌ಡಿಎಸ್ ಎಂಬ ಪದ್ಧತಿ ಬಂದದ್ದು 1975ರಲ್ಲಿ. ಇಂದು ಹ್ಯಾಮರ್ ಕೊಳ್ಳುವವರು 'ಎಸ್‌ಡಿಎಸ್ ಪ್ಲಸ್' ಎಂಬ ಹೆಸರನ್ನು ಕೇಳಿಯೇ ಕೊಳ್ಳಬೇಕು. ಇದರ ಬಿಟ್ಟಿನ ಬುಡ 10 ಮಿ.ಮೀ. ದಪ್ಪವಿದ್ದು ಗಾಡಿಗಳನ್ನು ಕೊರೆದಿರುತ್ತದೆ, ಯಾವ ಕಂಪನಿಯ ಬಿಟ್ಟಾದರೂ ಕೂಡುತ್ತದೆ. ಬಿಟ್ಟಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಇರಲೇಬೇಕು. ನಮ್ಮಲ್ಲಿ ಅದಕ್ಕೆ ವಿಡಿಯಾ ಬಿಟ್ ಎನ್ನುವುದು ರೂಢಿ. ವಿಡಿಯಾ ಎಂದರೆ ಜರ್ಮನ್ ಭಾಷೆಯಲ್ಲಿ 'ವಜ್ರದಂತೆ' ಎಂಬ ಎರಡು ಮಾತುಗಳ ಮೊಟಕು ರೂಪ. ಆ ಹೆಸರಿನ ಕಂಪನಿ 1964ರಲ್ಲಿ ನಮ್ಮ ಬೆಂಗಳೂರಿನಲ್ಲೇ ಸ್ಥಾಪನೆಯಾಗಿ, ತುಮಕೂರು ರಸ್ತೆಯ ಅದರ ಕಾರ್ಖಾನೆ ಈಗ ಕೆನ್ನಾಮೆಟಲ್ ಎನಿಸಿಕೊಂಡಿದೆ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲರೂ ಹ್ಯಾಮರನ್ನೇ ಕೊಳ್ಳಿರೆಂದು ಹೇಳುವುದು ನಮ್ಮ ಇಂಗಿತವಲ್ಲ. ಮೊದಲು ತಮ್ಮ ಗೋಡೆ ಯಾವುದೆಂದು ನೋಡಿಕೊಳ್ಳಬೇಕು. ನಮ್ಮ ಸೀಮೆಯದು ಕಡುಗಲ್ಲು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಇಂದಿಗೂ ಈ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಕಲ್ಲು. ಅದರೊಳಗಿನ ಬೆಣಚು ಸಾಧಾರಣ ಉಕ್ಕಿಗಿಂತ ಗಟ್ಟಿ. ಮನೆಯ ತಳಪಾಯ, ಪಂಪ್‌ಹೌಸು, ತೋಟದ ಕಂಬ ಎಲ್ಲವೂ ಇದರದೇ ಸೈಜುಗಲ್ಲು. ಇಂಥ ಗೋಡೆಗೆ, ಹಾಗೂ ತಾರಸಿಯ ಕಾಂಕ್ರೀಟಿಗೆ, ಹ್ಯಾಮರಲ್ಲದೆ ಗತಿಯಿಲ್ಲ. ಆದರೆ ಕರಾವಳಿ ಮತ್ತು ಮಲೆನಾಡಿನ ಬಹಳಷ್ಟು ಸದಸ್ಯ ಬಾಂಧವರ ಮನೆ ಕೆಂಪು ಮುರಕಲ್ಲಿನದು. ಮುರಕಲ್ಲಿಗೆ ಹ್ಯಾಮರಿನ ಪೆಟ್ಟು ಕೊಟ್ಟರೆ ತೂತು ಹೂವಿನಂತೆ ಅರಳಿ ಪ್ಲಗ್ಗು ಸಡಿಲವಾಗುತ್ತದೆ. ಅಲ್ಲಿ ಪೆಟ್ಟನ್ನು ಬಂದ್ ಮಾಡಿ ಬರಿಯ ತಿರುಗುವಿಕೆಯಿಂದ ಕೊರೆದು, ಉದ್ದನೆಯ ಪ್ಲಗ್ಗು ಹಾಕಬೇಕು. ಟೊಳ್ಳು ಸಿಮೆಂಟ್ ಇಟ್ಟಿಗೆಗೂ ಇದೇ ಮಾತು. ಇಲ್ಲವಾದರೆ ಒಳಮೈ ಹಪ್ಪಳದಂತೆ ಒಡೆಯುತ್ತದೆ. ಸುಟ್ಟ ಇಟ್ಟಿಗೆಗೆ ಇಂಪ್ಯಾಕ್ಟ್ ಡ್ರಿಲ್ಲೇ ಧಾರಾಳವಾಯಿತು. ಮುರಕಲ್ಲಿನ ಮನೆಯವರು ನಮ್ಮ ಮಾತು ಕೇಳಿ ಹ್ಯಾಮರಿಗೆ ಎರಡು ಮೂರು ಪಟ್ಟು ಹಣ ಸುರಿದರೆ ಅದು ನಮ್ಮ ತಪ್ಪಾದೀತು.

ಕಡುಗಲ್ಲಿನವರಿಗೆ ಇನ್ನೊಂದು ಮಾತು. ಕಲ್ಲಿನ ಅಂಚಿಗೆ ಹತ್ತಿರ ಕೊರೆಯಬಾರದು. ಬಿಗಿದಷ್ಟೂ ಹಿಗ್ಗುವ ಆಂಕರ್ ಬೋಲ್ಟು ಅಂಚನ್ನೇ ಸೀಳಿಬಿಡುತ್ತದೆ. ಬೆಟ್ಟದಲ್ಲಿ ಸಾಲಾಗಿ ಕುಳಿ ಹೊಡೆದು ಬೆಣೆ ಬಿಗಿದು ಬಂಡೆ ಸೀಳುವುದೂ ಇದೇ ತಂತ್ರದಿಂದಲ್ಲವೆ? ಸಂದಿಯ ಗಾರೆಯಲ್ಲಿ ಕೊರೆಯುವುದು ಸುಲಭ, ನಿಲ್ಲುವುದು ಮಾತ್ರ ಕಷ್ಟ. ನಮ್ಮ ಬೆಣೆಯ ಕಥೆ ಅದೇ. ಕಾಂಕ್ರೀಟಿನಲ್ಲಿ ಬಿಟ್ಟು ತಟ್ಟನೆ ಮುಂದೆ ಹೋಗದೆ ನಿಂತರೆ ಒಳಗೆ ಕಬ್ಬಿಣದ ಸರಳು ಸಿಕ್ಕಿದೆಯೆಂದು ತಿಳಿದು ಜಾಗ ಬದಲಾಯಿಸಬೇಕು, ಹಟ ಹಿಡಿಯಬಾರದು.

ವಿದ್ಯುತ್ತಿನ ವಿಷಯದಲ್ಲಿ ಸದಸ್ಯರು ಮಾಡುವ ತಪ್ಪು ಎಂದರೆ ಮನೆಯಿಂದ ಪಂಪ್‌ಹೌಸಿಗೆ ಸಣ್ಣ ವೈರನ್ನು ಎಳೆಯುವುದು. ಉದ್ದದ ತೆಳು ವೈರಿನಲ್ಲಿ ವೋಲ್ಟೇಜು ಇಳಿದು ಮೋಟಾರು ಬಿಸಿಯಾಗುತ್ತದೆ. ಈಗಿನ ಹೆಚ್ಚಿನ ಯಂತ್ರಗಳಿಗೆ ಎರಡೇ ತಂತಿ ಇರುವುದನ್ನು ಕಂಡು ಅರ್ತ್ ಇಲ್ಲವೆಂದು ಗಾಬರಿಯಾಗಬೇಕಿಲ್ಲ. ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಇಮ್ಮಡಿ ರಕ್ಷಣೆಯ ಯಂತ್ರ. ಆದರೂ ಪಂಪ್‌ಹೌಸಿನ ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವುದಾದರೆ ಲೈನಿನಲ್ಲಿ 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ ಇರಲಿ. ಕರೆಂಟೇ ಇಲ್ಲದ ಎಸ್ಟೇಟಿನ ಮೂಲೆಗಳಿಗೆ ಬ್ಯಾಟರಿಯ ಹ್ಯಾಮರುಗಳೂ ಬಂದಿವೆ. ಎಂಟು ಹತ್ತು ತೂತಿನ ಕೆಲಸಕ್ಕೆ ಅವು ಸಾಕು.

ಧೂಳಿನ ಮಾತನ್ನು ಯಾರೂ ಆಡುವುದಿಲ್ಲ. ಕಡುಗಲ್ಲಿನ ಮತ್ತು ಕಾಂಕ್ರೀಟಿನ ನುಣ್ಣನೆಯ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಕ್ವಾರಿ ಕೆಲಸಗಾರರನ್ನು ಸಾಯಿಸುವ ಸಿಲಿಕೋಸಿಸ್ ರೋಗಕ್ಕೆ ಇದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲಿ ಇದನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಮನೆಯಲ್ಲಿ ನಾಲ್ಕು ತೂತು ಕೊರೆದರೆ ರೋಗ ಬರುತ್ತದೆಂದಲ್ಲ. ಆದರೆ ದಿನವಿಡೀ ಇದೇ ಕೆಲಸ ಮಾಡುವ ಹುಡುಗರಿಗೆ ಮೂಗಿಗೆ ಟವೆಲು ಸುತ್ತಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಎನ್-95 ಮಾಸ್ಕಿನ ಬೆಲೆ ಒಂದು ಬಿಟ್ಟಿನ ಬೆಲೆಗಿಂತ ಕಡಿಮೆ. ಕಣ್ಣಿಗೆ ಕನ್ನಡಕವೂ ಇರಲಿ.

ಈಗ ನಮ್ಮ ಸೂಚನೆಗೆ ಬರೋಣ. ಒಬ್ಬ ಸಣ್ಣ ಬೆಳೆಗಾರನಿಗೆ ವರ್ಷದಲ್ಲಿ ಇಂಥ ಕೆಲಸ ಎಷ್ಟು ದಿನ ಬಂದೀತು? ಸ್ಟಾರ್ಟರ್ ಹಲಗೆ, ಕಣದ ಚಪ್ಪರದ ಕಂಬ, ಗೋದಾಮಿನ ಶೆಲ್ಫು; ಹೆಚ್ಚೆಂದರೆ ಎರಡು ಮೂರು ದಿನ. ಅದಕ್ಕಾಗಿ ಒಬ್ಬೊಬ್ಬರೂ ಅಗ್ಗದ ಡ್ರಿಲ್ ಕೊಂಡು ನಮ್ಮಂತೆ ಬೆಪ್ಪಾಗುವ ಬದಲು, ಸಂಘವೇ ಎರಡು ಒಳ್ಳೆಯ ಹ್ಯಾಮರುಗಳನ್ನು ಕೊಂಡು ದಿನಬಾಡಿಗೆಗೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಬಾಡಿಗೆಗೆ ಹೋದ ಸ್ಪ್ರೇಯರುಗಳು ಯಾವ ಸ್ಥಿತಿಯಲ್ಲಿ ಮರಳಿ ಬಂದವೆಂದು ಕೆಲವು ನಿರ್ದೇಶಕರು ಈಗಲೇ ನೆನಪಿಸುತ್ತಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಬೋರ್ಡೋ ಮಿಶ್ರಣ ಒಳಗೇ ಒಣಗಿದ ಸ್ಪ್ರೇಯರನ್ನು ನಾವೇ ತೊಳೆದಿದ್ದೇವೆ. ಆದ್ದರಿಂದ ಯಂತ್ರ ಸಂಘದ್ದಿರಲಿ, ಬಿಟ್ಟು ಸದಸ್ಯರದೇ ಇರಲಿ. ತನ್ನ ದುಡ್ಡಿನ ಬಿಟ್ಟನ್ನು ಯಾರೂ ಸುಡುವುದಿಲ್ಲ. ಮರಳಿಸುವಾಗ ಅಂಗಳದಲ್ಲಿರುವ ಹಳೆಯ ಕಲ್ಲುಕಂಬದಲ್ಲಿ ಒಂದು ತೂತು ಕೊರೆದು ತೋರಿಸಿಯೇ ಠೇವಣಿ ಹಿಂದಕ್ಕೆ ಪಡೆಯಲಿ. ಮಾಸ್ಕು ಕನ್ನಡಕಗಳನ್ನು ಯಂತ್ರದ ಪೆಟ್ಟಿಗೆಯಲ್ಲೇ ಇಟ್ಟು ಕೊಡಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ನಾವು ಮಂಡಿಸಲಿದ್ದೇವೆ. ಸುಟ್ಟ ಆ ಬಿಟ್ಟನ್ನೂ ಸಭೆಗೆ ತರುತ್ತೇವೆ, ನೋಡಬಯಸುವವರು ನೋಡಬಹುದು.