ಅಕ್ಕನಿಗೂ ರಜೆ ಬೇಕು, ದುಡ್ಡು ಹಿಡಿಯದೆ

1/7
ಫೋಟೋದಲ್ಲಿರೋದು ಒಂದು ಗೋಡೆ, ಐದು ಮೊಳೆ, ಐದು ಪುಟ್ಟ ಬ್ಯಾಗು. ಮಕ್ಕಳ ಮುಖ ಬೇಕಂತಲೇ ಹಾಕಿಲ್ಲ. ಇಂಥ ಗೋಡೆ ಇರೋ ಮನೆ ನಮ್ಮ ದಂಡಿನಶಿವರದಲ್ಲೂ ಸುತ್ತಮುತ್ತಲ ಹಳ್ಳಿಗಳಲ್ಲೂ ನಿಮಗೆಲ್ಲ ಗೊತ್ತು. ಹೊರಗಡೆ ಬೋರ್ಡ್ ಇರಲ್ಲ. ಡೇಕೇರ್ ಅಂತ ಯಾರೂ ಕರೆಯಲ್ಲ. "ಮಗೂನ ಅಕ್ಕನ ಮನೇಲಿ ಬಿಟ್ಟು ಬಂದೆ" ಅಂತಾರೆ, ಅಷ್ಟೇ.

ಬೆಳಿಗ್ಗೆ 8ಕ್ಕೆ ಅಮ್ಮಂದಿರು ಮಗು ಬಿಟ್ಟು ಬಸ್ಸಿಗೆ ಓಡ್ತಾರೆ. ಒಬ್ಬರು ತಿಪಟೂರಿನ ಬಟ್ಟೆ ಅಂಗಡಿಗೆ, ಒಬ್ಬರು ಕೊಬ್ಬರಿ ಪೌಡರ್ ಫ್ಯಾಕ್ಟರಿಗೆ, ಒಬ್ಬರು ತುರುವೇಕೆರೆ ಆಫೀಸಿಗೆ, ಇನ್ನೊಬ್ಬರು ನಾರಿನ ಫ್ಯಾಕ್ಟರಿಗೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಬಸ್ ಚಾರ್ಜ್ ಉಳೀತು, ಒಳ್ಳೇದೇ. ಆದ್ರೆ ಮಗುನ ಸೊಂಟದ ಮೇಲೆ ಕೂರಿಸ್ಕೊಂಡು ಕೊಬ್ಬರಿ ಸಿಪ್ಪೆ ತೆಗೆಯೋಕೆ ಆಗಲ್ಲ. ಅಮ್ಮ ಬಸ್ ಹತ್ತೋಕೆ ಆಗಿರೋದು ಅಕ್ಕ ಬಾಗಿಲು ತೆಗೆದಿರೋದ್ರಿಂದ.

ಆ ಅಕ್ಕನಿಗೆ ವರ್ಷಕ್ಕೆ ಸಂಬಳದ ರಜೆ ಎಷ್ಟು ದಿನ? ಸೊನ್ನೆ.

ಇದು ಸರಿಯಿಲ್ಲ ಅಂತ ಹೇಳೋಕೇ ಈ ಏಳು ಪೋಸ್ಟ್. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

2/7
"ಮನೇಲೇ ಇರ್ತಾರಲ್ಲ, ಅವರಿಗ್ಯಾಕೆ ರಜೆ?"

ಸ್ಟೋರಿಯಲ್ಲಿ ಕೇಳಿದಾಗ ಜಾಸ್ತಿ ಬಂದ ಉತ್ತರ ಇದೇ. ನಮ್ಮ ಕ್ಲಾಸಿನವರೇ ಬರೆದಿದ್ದು.

ಸರಿ, ಮನೇಲೇ ಇರ್ತಾರೆ. ಏನು ಮಾಡ್ತಾ ಇರ್ತಾರೆ? ಐದು ಮಕ್ಕಳಿಗೆ ಊಟ, ಐದು ಥರ ಹಠ. ಒಂದಕ್ಕೆ ಚಡ್ಡಿ ಬದಲಾಯಿಸೋ ಹೊತ್ತಿಗೆ ಇನ್ನೊಂದು ನೀರಿನ ತೊಟ್ಟಿ ಹತ್ತಿರ. ಮಧ್ಯಾಹ್ನ ಮಲಗಿಸೋಕೆ ಒಂದು ಗಂಟೆ, ಅಷ್ಟರಲ್ಲಿ ಮೊದಲು ಮಲಗಿದ್ದು ಎದ್ದು ಕೂತಿರುತ್ತೆ. ಸಂಜೆ 6ರವರೆಗೂ ಕಣ್ಣು ಬೇರೆ ಕಡೆ ಹೋಗಂಗಿಲ್ಲ. ಕೆಲಸದ ಜಾಗ ಮನೆಯೇ ಆಗಿರೋದ್ರಿಂದ ಇನ್ನೂ ಕಷ್ಟ, ಬಿಟ್ಟು ಹೋಗೋಕೆ ಬೇರೆ ಮನೆ ಇಲ್ಲ.

ಜ್ವರ ಬಂದ್ರೆ? ಡೋಲೋ ನುಂಗಿ ಬಾಗಿಲು ತೆಗೀತಾರೆ. ಯಾಕಂದ್ರೆ ಬಾಗಿಲು ಹಾಕಿದ ದಿನದ ದುಡ್ಡು ಹಿಡ್ಕೊಳ್ತಾರೆ. ಆ ಜ್ವರ ಸಂಜೆ ಐದು ಮಕ್ಕಳ ಜೊತೆ ಐದು ಮನೆಗೆ ಹೋಗಬಹುದು. ಎರಡು ದಿನ ಬಿಟ್ಟು ಅದೇ ಅಮ್ಮ ಮಗುನ ಎತ್ಕೊಂಡು ಆಸ್ಪತ್ರೆ ಕ್ಯೂನಲ್ಲಿ ನಿಂತಿರ್ತಾರೆ. ಉಳಿಸಿದ್ದು ಅರವತ್ತು ರೂಪಾಯಿ. ಕಳೆದಿದ್ದು ಅವರದ್ದೇ ಎರಡು ದಿನದ ಕೂಲಿ.

ಹಸು ಕಟ್ಟಿರೋ ಮನೆಯೋರಿಗೆ ಒಂದು ಮಾತು. ಕರು ಹಾಕೋಕೆ ಸುಮಾರು ಎರಡು ತಿಂಗಳು ಮುಂಚೆ ಹಾಲು ಬತ್ತಿಸ್ತೀವಿ. ಡೈರಿಗೆ ಒಂದು ಲೋಟ ಹಾಲೂ ಹೋಗಲ್ಲ. ಅಂತ ಹುಲ್ಲು, ಬೂಸಾ ನಿಲ್ಲಿಸ್ತೀವಾ? ಹಸುವಿಗೆ ಹೋಲಿಸಿದ್ದಕ್ಕೆ ಬೇಜಾರಾಯ್ತಾ? ಹಸುವಿಗೆ ಸಿಗೋದು ಅಕ್ಕನಿಗೆ ಸಿಕ್ತಿಲ್ಲ ಅನ್ನೋದಕ್ಕೂ ಸ್ವಲ್ಪ ಬೇಜಾರಾಗಲಿ.

3/7
"ಕೆಲಸ ಮಾಡದ ದಿನಕ್ಕೆ ಯಾಕೆ ಕೊಡ್ಬೇಕು?"

ಕಾನ್ವೆಂಟಿಗೆ ಕೊಡ್ತೀರಲ್ಲ. ದಸರಾ ರಜೆ, ಬೇಸಿಗೆ ರಜೆ, ಮಳೆ ರಜೆ ಎಲ್ಲ ಸೇರಿಸಿ ವರ್ಷದ ಫೀಸ್ ಕಟ್ತೀರಿ. "ಅಕ್ಟೋಬರಲ್ಲಿ ಇಷ್ಟು ದಿನ ಕ್ಲಾಸ್ ಇರ್ಲಿಲ್ಲ, ಕಟ್ ಮಾಡ್ಕೊಳ್ಳಿ" ಅಂತ ಯಾರಾದ್ರೂ ಆಫೀಸ್ ರೂಮಿಗೆ ಹೋಗಿದ್ದು ನೋಡಿದ್ದೀರಾ? ಹೋಗಲ್ಲ. ಅಲ್ಲಿ ರಸೀದಿ ಇದೆ, ಟೈ ಕಟ್ಟಿರೋ ಸರ್ ಇದ್ದಾರೆ. ಇಲ್ಲಿ ನೈಟಿ ಹಾಕ್ಕೊಂಡಿರೋ ಅಕ್ಕ ಇದ್ದಾರೆ. ವ್ಯತ್ಯಾಸ ಇಷ್ಟೇ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಅಕ್ಕ ರಜೆ ಹಾಕಿದ್ರೆ ಹಿಡಿಯೋದು ಒಂದು ಕಡೆ. ಮಗು ಅಜ್ಜಿ ಊರಿಗೆ ಹೋಗಿ ಹದಿನೈದು ದಿನ ಇದ್ರೆ ಅದನ್ನೂ ಹಿಡೀತಾರೆ. ಆಗ ಅಕ್ಕ ರಜೆ ಕೇಳಿರಲಿಲ್ಲ. ಉಳಿದ ನಾಲ್ಕು ಮಕ್ಕಳನ್ನ ನೋಡ್ಕೊಂಡು, ನಿಮ್ಮ ಮಗುವಿನ ಜಾಗ ಬೇರೆಯವರಿಗೆ ಕೊಡದೆ ಕಾಯ್ತಾ ಇದ್ರು. ರಜೆ ನಿಮ್ಮದು, ಸಂಬಳ ಹೋಗಿದ್ದು ಅವರದ್ದು. ಇದನ್ನ ಲೆಕ್ಕಾಚಾರ ಅಂತ ಕರೀಬೇಡಿ. ಕೇಳೋಕೆ ಯಾರೂ ಇಲ್ಲ ಅನ್ನೋ ಧೈರ್ಯ ಇದು.

"ಅಕ್ಕ ಅಂದ್ರೆ ಮನೆಯವರ ಥರ, ದುಡ್ಡಿನ ಮಾತು ಯಾಕೆ" ಅನ್ನೋರೂ ಇದ್ದಾರೆ. ಮನೆಯವರ ಥರ ಅಂದ್ಮೇಲೆ ಮನೆಯವರಿಗೆ ಹುಷಾರಿಲ್ಲದ ದಿನ ದುಡ್ಡು ಹಿಡಿಯೋದು ಯಾವ ಸಂಪ್ರದಾಯ?

4/7
ಈಗ ಕಾನೂನು ಕಡೆ ಬರೋಣ. ಸೇವ್ ಮಾಡ್ಕೊಳ್ಳಿ, ಪರೀಕ್ಷೆಗೂ ಬರುತ್ತೆ.

👉 1948ರ ಕಾರ್ಖಾನೆ ಕಾಯ್ದೆ: ವರ್ಷಕ್ಕೆ 240 ದಿನ ದುಡಿದ ವಯಸ್ಕ ಕಾರ್ಮಿಕರಿಗೆ ಪ್ರತಿ 20 ದಿನದ ಕೆಲಸಕ್ಕೆ 1 ದಿನ ಸಂಬಳದ ರಜೆ ಅಂತ ಇದರಲ್ಲಿ ಇತ್ತು. ಸಂಬಳದ ರಜೆ ಅನ್ನೋದು ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ. ನಮ್ಮ ಅಜ್ಜಂದಿರ ಕಾಲದ್ದು.

👉 2005ರ ನರೇಗಾ ಕಾಯ್ದೆ: ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದ್ರೆ, ಅವರನ್ನ ನೋಡ್ಕೊಳ್ಳೋಕೆ ಒಬ್ಬ ಮಹಿಳೆಯನ್ನ ಬಿಡಬೇಕು, ಅವರಿಗೂ ಕೂಲಿ ಕೊಡಬೇಕು ಅಂತ ಇದರಲ್ಲಿ ಬರೆದಿತ್ತು. ಅಂದ್ರೆ ಗುದ್ದಲಿ ಹಿಡಿಯೋದು ಹೇಗೆ ಕೆಲಸವೋ ಮಗು ಹಿಡಿಯೋದೂ ಹಾಗೇ ಕೆಲಸ ಅಂತ ಕಾನೂನೇ ಒಪ್ಪಿದೆ.

👉 ಅಂಗನವಾಡಿ: ಇವರಿಗೆ ಕೊಡೋದನ್ನ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಅಮೀರ್‌ಬಿ ಪ್ರಕರಣದಲ್ಲಿ ನಮ್ಮ ಕರ್ನಾಟಕ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆ ಅಲ್ಲ ಅಂತ 2006ರಲ್ಲಿ ತೀರ್ಪು ಬಂತು. 2022ರ ಏಪ್ರಿಲ್ 25ಕ್ಕೆ ಅದೇ ಸುಪ್ರೀಂ ಕೋರ್ಟ್, ಗುಜರಾತಿನ ಪ್ರಕರಣವೊಂದರಲ್ಲಿ, ಇವರಿಗೆ ಗ್ರಾಚ್ಯುಟಿ ಕೊಡಲೇಬೇಕು ಅಂತು. ಹೆಸರು ಗೌರವಧನ ಆದ್ರೂ ಅದು ದುಡಿಮೆಗೆ ಕೊಡೋ ವೇತನವೇ ಅನ್ನೋದು ಆ ತೀರ್ಪಿನ ಮಾತು. ಅಂಗನವಾಡಿಯವರಿಗೆ ವರ್ಷಕ್ಕೆ 20 ದಿನ ರಜೆ, 180 ದಿನ ಹೆರಿಗೆ ರಜೆ ಇದೆ. ಅವರಿಗೆ ಸಿಗೋ ದುಡ್ಡು ಸಾಲದು, ಆ ಹೋರಾಟ ಬೇರೆ. ಆದ್ರೆ ರಜೆ ಅಂತ ಒಂದು ಸಾಲಾದ್ರೂ ಇದೆ.

👉 ಫ್ರಾನ್ಸಲ್ಲಿ ತಮ್ಮ ಮನೇಲೇ ಬೇರೆಯವರ ಮಕ್ಕಳನ್ನ ನೋಡ್ಕೊಳ್ಳೋರು ಲೈಸೆನ್ಸ್ ಇರೋ ಕೆಲಸಗಾರರು. ಮಗುವಿನ ಅಪ್ಪ ಅಮ್ಮನೇ ಅವರಿಗೆ ಮಾಲೀಕರು. ಒಂದು ತಿಂಗಳ ದುಡಿಮೆಗೆ ಎರಡೂವರೆ ದಿನ, ವರ್ಷಕ್ಕೆ ಐದು ವಾರ ಸಂಬಳದ ರಜೆ. ಅಲ್ಲೂ ಅವರು ಮನೇಲೇ ಇರ್ತಾರೆ!

5/7
ಲೆಕ್ಕ ಹಾಕೋಣ. ಕಾಮರ್ಸ್‌ನೋರು ತಪ್ಪಿದ್ರೆ ತಿದ್ದಿ.

ಐದು ಮಕ್ಕಳು. ಒಬ್ಬೊಬ್ಬರಿಗೆ ತಿಂಗಳಿಗೆ ₹1,500 ಅಂತ ಇಟ್ಕೊಳ್ಳೋಣ. ಒಟ್ಟು ₹7,500. ತಿಂಗಳಿಗೆ 26 ದಿನ ಕೆಲಸ ಅಂದ್ರೆ ದಿನಕ್ಕೆ ಸುಮಾರು ₹288. ಪಕ್ಕದಲ್ಲಿ ಇದನ್ನೂ ಇಟ್ಟು ನೋಡಿ: 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ ₹370.

ಅಕ್ಕನಿಗೆ ವರ್ಷಕ್ಕೆ 15 ದಿನ ಸಂಬಳದ ರಜೆ ಕೊಟ್ರೆ ನಿಮ್ಮ ಮನೆಗೆ ಬೀಳೋ ಪಾಲು ಎಷ್ಟು? ಒಂದು ಮಗುವಿಗೆ ದಿನಕ್ಕೆ ಸುಮಾರು ₹58. 15 ದಿನಕ್ಕೆ ₹865. ತಿಂಗಳಿಗೆ ₹72.

ಎಪ್ಪತ್ತೆರಡು ರೂಪಾಯಿ ಗುರು. ಬಸ್ ಸ್ಟ್ಯಾಂಡ್ ಹತ್ತಿರ ನಿಂತು ತಿನ್ನೋ ಗೋಬಿ ಮಂಚೂರಿ ಲೆಕ್ಕ.

ಅಕ್ಕನ ಕಡೆಯಿಂದ ನೋಡಿದ್ರೆ ಅದೇ ದುಡ್ಡು ₹4,300ಕ್ಕಿಂತ ಜಾಸ್ತಿ. ತಂಗಿ ಬಾಣಂತನಕ್ಕೆ ನಾಲ್ಕು ದಿನ, ಜಾತ್ರೆಗೆ ಎರಡು ದಿನ, ಜ್ವರಕ್ಕೆ ಮೂರು ದಿನ, ಕಣ್ಣು ತೋರಿಸೋಕೆ ತುಮಕೂರಿಗೆ ಒಂದು ದಿನ. ಮಿಕ್ಕಿದ್ದು ಸುಮ್ಮನೆ ಮಲಗೋಕೆ. ಹೌದು, ಸುಮ್ಮನೆ ಮಲಗೋಕೇ. ಅದಕ್ಕೂ ಕಾರಣ ಕೊಡ್ಬೇಕಾ?

6/7
ಇಲ್ಲಿ ಒಂದು ಪ್ರಶ್ನೆ ಬಂತು. ಇದನ್ನ ತಳ್ಳಿ ಹಾಕೋಕೆ ಆಗಲ್ಲ.

ಕ್ಲಾಸ್‌ಮೇಟ್ ಒಬ್ಬಳು ಬರೆದಳು: "ನಮ್ಮತ್ತಿಗೆ ನಾರಿನ ಫ್ಯಾಕ್ಟರಿಗೆ ಹೋಗ್ತಾರೆ. ಹೋದ ದಿನಕ್ಕೆ ಕೂಲಿ. ಅಕ್ಕ ರಜೆ ಹಾಕಿದ್ರೆ ಅವತ್ತು ಅತ್ತಿಗೆ ಕೂಲೀನೂ ಹೋಯ್ತು. ಅದರ ಮೇಲೆ ಅಕ್ಕನಿಗೂ ಕೊಡ್ಬೇಕಾ? ಅತ್ತಿಗೆಗೆ ಯಾರು ಕೊಡ್ತಾರೆ ಸಂಬಳದ ರಜೆ?"

ಸರಿಯಾಗೇ ಕೇಳಿದ್ದಾಳೆ. ತಿಂಗಳ ಸಂಬಳ ಎಣಿಸೋರು ₹72 ಉಳಿಸೋದು ಬೇರೆ, ದಿನಗೂಲಿ ಅಮ್ಮ ಲೆಕ್ಕ ಹಾಕೋದು ಬೇರೆ. ಇಬ್ಬರನ್ನೂ ಒಂದೇ ಕೋಲಲ್ಲಿ ಹೊಡೆಯೋಕಾಗಲ್ಲ. ಹಾಗಂತ ಅತ್ತಿಗೆಗೆ ರಜೆ ಇಲ್ಲ ಅನ್ನೋ ಕಾರಣಕ್ಕೆ ಅಕ್ಕನಿಗೂ ಬೇಡ ಅಂದ್ರೆ, ಲಾಭ ಯಾರಿಗೆ? ಅತ್ತಿಗೆಗಲ್ಲ. ಇಬ್ಬರಿಗೂ ಕೊಡದವರಿಗೆ.

50 ಅಥವಾ ಹೆಚ್ಚು ಜನ ಕೆಲಸ ಮಾಡೋ ಸಂಸ್ಥೆ ಶಿಶುಪಾಲನಾ ಕೇಂದ್ರ ಇಡಬೇಕು ಅಂತ 2017ರ ತಿದ್ದುಪಡಿಯಲ್ಲಿ ಬಂತು. ಅದಕ್ಕಿಂತ ಕಮ್ಮಿ ಜನ ಇರೋ ಕಡೆ ಆ ಕಾನೂನು ಬರಲ್ಲ. ಅಂಗನವಾಡಿಯಲ್ಲಿ ಕೂತು ಕಲಿಯೋರು 3ರಿಂದ 6 ವರ್ಷದ ಮಕ್ಕಳು. ಎರಡು ವರ್ಷದ ಕೂಸು ಎಲ್ಲಿಗೆ ಹೋಗ್ಬೇಕು?

ಇದಕ್ಕೇ ರಾಜ್ಯ ಸರ್ಕಾರ 2023ರ ಜುಲೈ ಬಜೆಟ್ಟಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಅಂತ ಘೋಷಿಸಿದ್ದು. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಪುಟ್ಟ ಮಕ್ಕಳಿಗೆ. ಒಳ್ಳೇ ಯೋಜನೆ, ಬೈಯೋಕೆ ಬಂದಿಲ್ಲ. ಆದ್ರೆ ಅಲ್ಲಿ ಮಕ್ಕಳನ್ನ ನೋಡ್ಕೊಳ್ಳೋರಿಗೂ ಇಟ್ಟಿದ್ದು ನರೇಗಾ ಲೆಕ್ಕದ ಕೂಲಿಯೇ, ಬಂದ ದಿನಕ್ಕೆ. ಬರದ ದಿನಕ್ಕೆ? ಮತ್ತೆ ಸೊನ್ನೆ. ಸರ್ಕಾರವೇ ಹೀಗೆ ಮಾಡಿದ್ರೆ ಬೀದಿಯೋರು ಕಲಿಯೋದು ಎಲ್ಲಿಂದ?

ಅದಕ್ಕೆ ಮುಂದಿನ ಗ್ರಾಮ ಸಭೆಯಲ್ಲಿ ಮೂರು ಮಾತು ಕೇಳೋಣ:
▪️ ನಮ್ಮ ಪಂಚಾಯಿತಿ ಕೂಸಿನ ಮನೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ತೆಗೆದಿರುತ್ತೆ?
▪️ ಫ್ಯಾಕ್ಟರಿಗೆ ದಿನಗೂಲಿಗೆ ಹೋಗೋರ ಮಕ್ಕಳನ್ನೂ, ಕೊನೇಪಕ್ಷ ಅಕ್ಕ ರಜೆ ಇರೋ ದಿನ, ಸೇರಿಸ್ಕೊಳ್ತೀರಾ?
▪️ ಅಲ್ಲಿ ದುಡಿಯೋ ಹೆಂಗಸರಿಗೆ ಹುಷಾರಿಲ್ಲದ ದಿನದ ಕೂಲಿ ಯಾವ ಲೆಕ್ಕದಿಂದ ಕೊಡ್ತೀರಾ?

ಪಂಚಾಯಿತಿ ಕೈಲಿ ಆಗಲ್ಲ ಅಂದ್ರೆ, ಆಗಲ್ಲ ಅಂತ ನಡಾವಳಿ ಪುಸ್ತಕದಲ್ಲಿ ಬರೀಲಿ. ಮೇಲಿನವರನ್ನ ಕೇಳೋಕೆ ಅದೇ ಕಾಗದ ಬೇಕು.

7/7
ಗ್ರಾಮ ಸಭೆ ಆಗೋವರೆಗೆ ಸಂಬಳದೋರ ಮನೇಲಿ ಆಗಬಹುದಾದ ಕೆಲಸ ಒಂದಿದೆ. ಒಂದು ಹಾಳೆ, ಕನ್ನಡದಲ್ಲಿ, ಐದು ಸಾಲು. ಫೋಟೋದಲ್ಲಿ ಹಾಕಿದ್ದೀನಿ, ಇಲ್ಲೂ ಬರೀತೀನಿ:

1. ತಿಂಗಳ ದುಡ್ಡು ಪೂರ್ತಿ, 5ನೇ ತಾರೀಕಿನೊಳಗೆ. ಮಗು ಬರಲಿ ಬಿಡಲಿ.
2. ವರ್ಷಕ್ಕೆ 15 ದಿನ ರಜೆ, ದುಡ್ಡು ಹಿಡಿಯೋದಿಲ್ಲ. ಯುಗಾದಿ, ಗೌರಿ ಹಬ್ಬ, ದೀಪಾವಳಿ, ಊರ ಜಾತ್ರೆ ಇದರಲ್ಲಿ ಸೇರಲ್ಲ, ಅವು ಬೇರೆ.
3. ಗೊತ್ತಿರೋ ರಜೆಗೆ ಅಕ್ಕ ಒಂದು ವಾರ ಮುಂಚೆ ಹೇಳ್ತಾರೆ. ಜ್ವರಕ್ಕೆ ಬೆಳಿಗ್ಗೆ ಫೋನ್ ಸಾಕು.
4. ಮಗುವಿಗೆ ಜ್ವರ ಇದ್ರೆ ಕಳಿಸಲ್ಲ. ಸಂಜೆ 6 ಅಂದ್ರೆ 6.
5. ಅಕ್ಕ ರಜೆ ಇರೋ ದಿನ ಮಗುನ ಯಾರು ನೋಡ್ಕೊಳ್ತಾರೆ ಅನ್ನೋದನ್ನ ಇವತ್ತೇ ಮಾತಾಡಿ ಬರೆದಿಡೋದು.

ಐದನೇ ಸಾಲು ಮರೀಬೇಡಿ. ಅದು ಇಲ್ಲ ಅಂದ್ರೆ ಮೊದಲ ರಜೆಗೇ ಜಗಳ ಬಂದು ಹಾಳೆ ಒಲೆಗೆ ಹೋಗುತ್ತೆ.

ಅಕ್ಕನೇ ಇದನ್ನ ಕೇಳಲಿ ಅಂತ ಕಾಯ್ಬೇಡಿ. ಕೇಳಿದ್ರೆ ಮಗು ಬೇರೆ ಮನೆಗೆ ಹೋಗುತ್ತೆ ಅಂತ ಅವರಿಗೆ ಭಯ. ಕೊಡೋರ ಮನೆಯಿಂದ ಮಾತು ಬರಬೇಕು. ನಾವು ಕಾಲೇಜಿಗೆ ಹೋಗಿ ಕಲಿತಿದ್ದೀವಲ್ಲ, ಹಾಳೆ ಬರೆಯೋದು ನಮ್ಮ ಕೆಲಸ. ಅಣ್ಣ ಅತ್ತಿಗೆ ಹತ್ತಿರ ಮಾತಾಡೋದೂ ನಮ್ಮದೇ. ಮೊದಲ ಸಲ ಬೈಸ್ಕೊಳ್ತೀರಿ. ಎರಡನೇ ಸಲ ₹72ರ ಲೆಕ್ಕ ತೋರಿಸಿ.

ಈಗ ಕಾಮೆಂಟ್‌ಗೆ ಬನ್ನಿ. ನಿಮ್ಮ ಮನೆ ಮಗು ಹಗಲು ಹೊತ್ತು ಯಾರ ಮನೇಲಿರುತ್ತೆ, ಆ ಅಕ್ಕ ಹೋದ ವರ್ಷ ದುಡ್ಡು ಕಳ್ಕೊಳ್ಳದೆ ಎಷ್ಟು ದಿನ ರಜೆ ತಗೊಂಡ್ರು? ಗೊತ್ತಿಲ್ಲ ಅಂದ್ರೆ ಇವತ್ತು ಸಂಜೆ ಮಗು ಕರ್ಕೊಂಡು ಬರೋಕೆ ನೀವೇ ಹೋಗಿ, ಕೇಳಿ ಬಂದು ಸಂಖ್ಯೆ ಮಾತ್ರ ಹಾಕಿ. ಅಕ್ಕನ ಹೆಸರು ಬೇಡ, ಮಕ್ಕಳ ಫೋಟೋ ಬೇಡ.

#ಅಕ್ಕನಿಗೂರಜೆ #ದಂಡಿನಶಿವರ #ತುರುವೇಕೆರೆ #ತಿಪಟೂರು #ಚಿಕ್ಕನಾಯಕನಹಳ್ಳಿ #ಕೂಸಿನಮನೆ #ಗ್ರಾಮಸಭೆ